ಧಾತು-ಈಶ್ವರ ಕ್ಷಾಮ: ಒಂದು ಟಿಪ್ಪಣಿ

ಮೈಸೂರು ಸಂಸ್ಥಾನದ ೧೮೭೬-೭೮ರ ಮಹಾಕ್ಷಾಮವನ್ನು ಜನರು ಸಂವತ್ಸರಗಳ ಹೆಸರಿನಿಂದ ಧಾತು-ಈಶ್ವರ ಬರವೆಂದು ಕರೆದರು. ೧೮೭೫ರ ಅಲ್ಪವೃಷ್ಟಿಯ ಬೆನ್ನಿಗೇ ೧೮೭೬ರ ಮಳೆಯೂ ಕೈಕೊಟ್ಟಿತು. ಆದರೆ ಹಸಿವನ್ನು ಊರಿಗೆ ಶೀಘ್ರವಾಗಿ ತಂದುದು ಧಾನ್ಯದ ಬೆಲೆಯೆಂದೇ ಹೇಳಬೇಕು. ಹಗೇವಿನಲ್ಲಿ ರಾಗಿಯುಳ್ಳ ರೈತನು ಕೆಲವು ತಿಂಗಳಾದರೂ ತಾಳಬಲ್ಲವನಾಗಿದ್ದನು. ದಿನಗೂಲಿಯವನಿಗೂ, ಬಟ್ಟೆ ಮಾರಿ ಉಣ್ಣುವ ನೇಕಾರನಿಗೂ ಆ ಅವಧಿ ಇರಲಿಲ್ಲ. ಬೆಂಗಳೂರಿಗೆ ೧೮೬೪ರಲ್ಲೇ ರೈಲು ಬಂದಿದ್ದಿತು, ನಿಜ. ಮದರಾಸಿನಿಂದ ಧಾನ್ಯವೂ ಬಂದಿತು. ಅಲ್ಲಿಂದ ಮುಂದಕ್ಕೆ ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳೇ ಸಾಯುತ್ತಿರಲು ಗಾಡಿಯನ್ನೆಳೆಯುವುವಾವುವು?

೧೮೭೧ರ ಜನಗಣತಿಯಲ್ಲಿ ೫೦ ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆ ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿದ್ದಿತು. ಈ ವ್ಯತ್ಯಾಸವೇ ಸತ್ತವರ ಪೂರ್ಣ ಲೆಕ್ಕವಲ್ಲ: ಮೊದಲ ಗಣತಿಯ ತರುವಾಯ ಹುಟ್ಟಿ ಬರದಲ್ಲಿ ಅಳಿದ ಮಕ್ಕಳು ಎರಡು ಗಣತಿಗಳಲ್ಲಿಯೂ ಇಲ್ಲ.