ಅನ್ನ ಗಂಟಲಲ್ಲಿ ಇಳಿಯದ ಮೊರಾಕ್ಕೋದವ

ಹೋದ ರಂಜಾನಿನ ಒಂದು ಸಂಜೆ ರಿಚರ್ಡ್ಸ್ ಪಾರ್ಕಿನಲ್ಲಿ ಎರಡು ಸುತ್ತು ಹಾಕಿ, ಹಾಗೇ ಫ್ರೇಜರ್ ಟೌನಿನ ಮಾಸ್ಕ್ ರೋಡಿಗೆ ನಡೆದೆ. 1902ರಷ್ಟು ಹಳೆಯ ಆಲ್ಬರ್ಟ್ ಬೇಕರಿಯ ಮುಂದೆ ಖೋವಾ ನಾನ್‌ಗೆ ಜನವೋ ಜನ. ಆ ಬಿಸಿ ವಾಸನೆಗೆ ನೆನಪಾದವನು, ರೊಟ್ಟಿ ಸಿಗದೆ ನಮ್ಮ ಕರಾವಳಿಯಲ್ಲಿ ಒದ್ದಾಡಿದ ಒಬ್ಬ ಮೊರಾಕ್ಕೋದವ!

ಅವನೇ ಇಬ್ನ್ ಬತೂತ. 1304ರಲ್ಲಿ ಟಾಂಜಿಯರ್‌ನಲ್ಲಿ ಹುಟ್ಟಿ, 1325ರಲ್ಲಿ ಹಜ್‌ಗೆಂದು ಮನೆ ಬಿಟ್ಟವನು. ದೆಹಲಿಯಲ್ಲಿ ತುಘಲಕ್‌ನ ಖಾಜಿಯಾಗಿದ್ದು, 1342ರಲ್ಲಿ ಚೀನಾಕ್ಕೆ ರಾಯಭಾರಿಯಾಗಿ ಹೊರಟಾಗ ದಾರಿಯಲ್ಲಿ ಹೊನ್ನಾವರಕ್ಕೆ ಬಂದ. ಮುಂದೆ ಕಲ್ಲಿಕೋಟೆಯಲ್ಲಿ ಹಡಗು ಒಡೆದು, ಮತ್ತೆ ಹೊನ್ನಾವರಕ್ಕೇ ಮರಳಿದ.

ಅಲ್ಲಿನ ಸುಲ್ತಾನ ಜಮಾಲುದ್ದೀನನ ಮನೆಯ ಊಟವನ್ನು ಅವನು ಬಡಿಸಿದ ಕ್ರಮದಲ್ಲೇ ವರ್ಣಿಸಿದ್ದಾನೆ. ತಾಮ್ರದ ತಟ್ಟೆಗೆ ಒಂದು ಸೌಟು ಅನ್ನ, ಮೇಲೆ ತುಪ್ಪ, ಪಕ್ಕಕ್ಕೆ ಹಸಿಮೆಣಸಿನ ಗೊಂಚಲು, ಶುಂಠಿ, ನಿಂಬೆ, ಮಾವಿನಕಾಯಿಗಳ ಉಪ್ಪಿನಕಾಯಿ. ಎರಡನೇ ಸೌಟಿಗೆ ಕೋಳಿ, ಆಮೇಲೆ ಮೀನು, ತರಕಾರಿ. ಕೊನೆಗೆ ಮೊಸರು. ಮೊಸರು ಬಂತೆಂದರೆ ಊಟ ಮುಗಿಯಿತು ಅಂತ ಅರ್ಥವಂತೆ! ನನ್ನಜ್ಜಿ ಬಡಿಸುತ್ತಿದ್ದದ್ದೂ ಹೀಗೇ. ಅಂದಹಾಗೆ ಈ ಮೆಣಸು ಕಾಳುಮೆಣಸು. ಕೆಂಪು ಮೆಣಸಿನಕಾಯಿ ಇಲ್ಲಿಗೆ ಬಂದದ್ದು ಪೋರ್ಚುಗೀಸರು ಬಂದ ಮೇಲೆ.

ಉಪ್ಪಿನಕಾಯಿ ಅವನಿಗೆ ಹೊಸದಲ್ಲ. ನಮ್ಮೂರಲ್ಲಿ ನಿಂಬೆಯನ್ನು ಹಾಕುವ ಹಾಗೇ ಇಲ್ಲಿಯವರು ಮಾವಿನಕಾಯಿಯನ್ನು ಉಪ್ಪಿಗೆ ಹಾಕುತ್ತಾರೆ ಅಂದಿದ್ದಾನೆ. ಇವತ್ತಿಗೂ ಮೊರಾಕ್ಕೋದಲ್ಲಿ ತಜೀನ್ ಎಂಬ ಮಣ್ಣಿನ ಪಾತ್ರೆಯಲ್ಲಿ ಕೋಳಿ ಬೇಯಿಸುವಾಗ ಉಪ್ಪು ನಿಂಬೆ ಬೀಳುತ್ತದೆ. ಗೋಧಿ ರವೆಯನ್ನು ಹಬೆಯಲ್ಲಿ ಬೇಯಿಸಿದ ಕುಸ್ಕುಸ್ 2020ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಆದರೆ ಮೊರಾಕ್ಕೋ ಎಂದೊಡನೆ ನೆನಪಾಗುವ ಪುದೀನಾ ಚಹಾ ಅವನಿಗೆ ಗೊತ್ತೇ ಇರಲಿಲ್ಲ, ಅದು ಎಷ್ಟೋ ಶತಮಾನಗಳ ನಂತರದ್ದು. ಇಫ್ತಾರಿನ ಹರೀರಾ ಸಾರಿನ ಟೊಮೇಟೊ ಕೂಡ ಆಮೇಲೆ ಬಂದದ್ದೇ. 'ಸಾಂಪ್ರದಾಯಿಕ' ಅನ್ನೋ ಮಾತನ್ನು ಸ್ವಲ್ಪ ಹುಷಾರಾಗಿ ಬಳಸಬೇಕು ನೋಡಿ.

ಅಷ್ಟು ರುಚಿಯಾಗಿ ಬರೆದವನೇ ಕೊನೆಗೆ ಗೋಳಾಡುತ್ತಾನೆ. ಹನ್ನೊಂದು ತಿಂಗಳು ರೊಟ್ಟಿಯ ಮುಖವನ್ನೇ ನೋಡಲಿಲ್ಲವಂತೆ. ಮಾಲ್ಡೀವ್ಸ್, ಸಿಂಹಳ, ಮಲಬಾರು ಎಲ್ಲ ಸೇರಿ ಮೂರು ವರ್ಷ ಬರೀ ಅನ್ನ. ಕಡೆಕಡೆಗೆ ನೀರು ಕುಡಿದೇ ತುತ್ತು ನುಂಗಬೇಕಾಯಿತಂತೆ.

ಮೊದಲು ಓದಿದಾಗ ನಕ್ಕಿದ್ದೆ. ಆಮೇಲೆ ಕೆಲಸಕ್ಕೆಂದು ಜರ್ಮನಿಯಲ್ಲಿದ್ದ ಏಳು ತಿಂಗಳು ನೆನಪಾಯಿತು. ಅಲ್ಲಿ ನಾನು ನೀರು ಕುಡಿದು ಕುಡಿದು ನುಂಗಿದ್ದು ಬ್ರೆಡ್ಡು! ಆರುನೂರೈವತ್ತಕ್ಕೂ ಹೆಚ್ಚು ವರ್ಷ ಹಿಂದಿನ ಆ ಮನುಷ್ಯ ಆವತ್ತಿನಿಂದ ನನಗೆ ನೆಂಟನ ಹಾಗೆ ಕಾಣುತ್ತಾನೆ.

ನೀವೂ ಹೀಗೆ ಪರ ಊರಲ್ಲಿ ಒದ್ದಾಡಿದ್ದೀರಾ? ಬರೆಯಿರಿ..