ಆಂಡರ್ಸನ್‌ಪೇಟೆಯ ಎರಡು ಸಕ್ಕರೆ ಹಬ್ಬ

1/6
ಫ್ರೆಂಡ್ಸ್, ಡಿಸೆಂಬರ್ ಬಂತು! ನಮ್ಮ ಕೆಜಿಎಫ್‌ನಲ್ಲಿ ಕ್ರಿಸ್‌ಮಸ್‌ಗೆ ಕಲ್‌ಕಲ್, ಮೂರು ವಾರ ಕಳೆದ್ರೆ ಸಂಕ್ರಾಂತಿಗೆ ಸಕ್ಕರೆ ಅಚ್ಚು. ಎರಡನ್ನೂ ತಿಂದಿರ್ತೀರ. ಆದ್ರೆ ಮನೇಲಿ ಮಾಡೋದನ್ನ ಎಷ್ಟು ಜನ ನೋಡಿದ್ದೀರ? ಇವತ್ತಿನ ಪೋಸ್ಟ್ ಸ್ವಲ್ಪ ಉದ್ದ. ಪೂರ್ತಿ ಓದಿ.

2/6 | ಎರಡೂ ಒಂದೇ ಊರಿಗೆ ಬಂದಿದ್ದು ಹೇಗೆ?
1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಗಣಿ ಕೆಲಸ ಕೈಗೆತ್ತಿಕೊಂಡಿತು. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಕೂಲಿಕಾರರು ಬಂದ್ರು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸ ಬಲ್ಲವರು ಬಂದ್ರು. ಆಂಗ್ಲೋ ಇಂಡಿಯನ್ ಕುಟುಂಬಗಳು ಬಂದವು. ಸುತ್ತಲ ಹಳ್ಳಿಗಳ ಕನ್ನಡ, ತೆಲುಗು ಮನೆಗಳು ಮೊದಲಿಂದಲೂ ಇದ್ದವು. ಹೀಗೆ ಚರ್ಚಿನ ಹಬ್ಬ, ಸುಗ್ಗಿ ಹಬ್ಬ ಎರಡೂ ಒಂದೇ ಪೇಟೆಯಲ್ಲಿ ಸಾಮಾನು ಕೊಳ್ಳೋಕೆ ಶುರು ಮಾಡಿದವು.

ಹಳ್ಳಿ ಮನೆಯ ಸಿಹಿ ಅಂದ್ರೆ ಬೆಲ್ಲ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯ್ತು. ಅಲ್ಲಿ ಬಿಳಿ ಸಕ್ಕರೆ ತಯಾರಾಗತೊಡಗಿತು.

3/6 | ಕಲ್‌ಕಲ್
ಮೈದಾ, ಮೊಟ್ಟೆ, ಬೆಣ್ಣೆ, ತೆಂಗಿನಹಾಲು ಹಾಕಿ ಹಿಟ್ಟು ಕಲಸ್ತಾರೆ. ಗೋಲಿಯಷ್ಟು ಉಂಡೆ ತಗೊಂಡು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ ಸುರುಳಿ ಸುತ್ತಿದ್ರೆ ಪುಟ್ಟ ಶಂಖದ ಹಾಗೆ ಗೆರೆ ಮೂಡುತ್ತೆ. ಕರಿದು, ಸಕ್ಕರೆ ಪಾಕಕ್ಕೆ ಹಾಕಿ ಹೊರಳಿಸಿದ್ರೆ ಮೇಲೆ ಬೆಳ್ಳಗೆ ಕೂರುತ್ತೆ. ಮಂಗಳೂರಿನ ಕೊಂಕಣಿ ಕ್ರೈಸ್ತರ ‘ಕುಸ್ವಾರ್’ ತಟ್ಟೆಯಲ್ಲೂ ಇದೇ ತಿಂಡಿ ಇದೆ. ಅಲ್ಲಿ ಹೆಸರು ‘ಕಿಡಿಯೊ’, ಅಂದ್ರೆ ಹುಳು! 😄

4/6 | ಸಕ್ಕರೆ ಅಚ್ಚು
ಮರದ ಅಚ್ಚುಗಳನ್ನ ಮೊದಲೇ ನೀರಲ್ಲಿ ನೆನೆಸಿಡ್ಬೇಕು, ಇಲ್ಲಾಂದ್ರೆ ಸಕ್ಕರೆ ಅಂಟಿಕೊಳ್ಳುತ್ತೆ. ಗಿಳಿ, ಆನೆ, ಗೋಪುರ, ತುಳಸಿಕಟ್ಟೆ ಒಂದೊಂದಕ್ಕೂ ಎರಡು ಹೋಳು. ಜೋಡಿಸಿ ಬಿಗಿಯಾಗಿ ಕಟ್ತಾರೆ. ಸಕ್ಕರೆ, ನೀರು ಕುದಿಯುವಾಗ ಚೂರು ಹಾಲು ಬಿಟ್ರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತೆ. ಅದನ್ನ ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸ್ವಲ್ಪವೇ ಕಾಯಿಸಿ, ಅಂಚು ಬೆಳ್ಳಗಾಗ್ತಿದ್ದ ಹಾಗೆ ಅಚ್ಚಿಗೆ ಹೊಯ್ಯಬೇಕು. ಒಂದು ಗಳಿಗೆ ತಡವಾದ್ರೆ ಪಾತ್ರೆಯಲ್ಲೇ ಗಟ್ಟಿ! ಅಚ್ಚು ಬಿಚ್ಚೋವಾಗ ಆನೆಯ ಸೊಂಡಿಲು ಮುರಿದ್ರೆ ಅದು ಮಕ್ಕಳ ಪಾಲು.

5/6 | ಈಗ ಯೋಚನೆ ಮಾಡಿ
ಎರಡರಲ್ಲೂ ಗುಟ್ಟು ಒಂದೇ: ಪಾಕದ ಹದ. ಎರಡಕ್ಕೂ ಒಬ್ಬರ ಕೈ ಸಾಲದು. ಒಬ್ಬರು ಒಲೆ ಮುಂದೆ ಇದ್ರೆ ನಾಲ್ಕು ಜನ ಸುರುಳಿ ಸುತ್ತಬೇಕು, ಇಬ್ಬರು ಅಚ್ಚು ಕಟ್ಟಬೇಕು. ಲೈನ್ ಮನೆಗಳಲ್ಲಿ ಗೋಡೆಗೆ ಗೋಡೆ ಅಂಟಿತ್ತು, ಕರೆದ್ರೆ ಪಕ್ಕದ ಮನೆಯವರಿಗೆ ಕೇಳಿಸ್ತಿತ್ತು.

ಆ ಕೈಗಳು ಎಲ್ಲಿ ಹೋದವು? ಸ್ವಾತಂತ್ರ್ಯ ಬಂದ ಮೇಲೆ ಅನೇಕ ಆಂಗ್ಲೋ ಇಂಡಿಯನ್ ಕುಟುಂಬಗಳು ಇಂಗ್ಲೆಂಡ್, ಆಸ್ಟ್ರೇಲಿಯಾಕ್ಕೆ ಹೊರಟವು. 2001ರ ಫೆಬ್ರವರಿ 28ಕ್ಕೆ ಗಣಿಯೇ ಮುಚ್ಚಿತು. ಇವತ್ತು ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯೋಕೆ ಹೋಗೋರು ನಮ್ಮ ಅಪ್ಪ ಅಮ್ಮಂದಿರೇ. ರಾತ್ರಿ ಮನೆ ಸೇರಿದವರಿಗೆ “ಯಾಕಮ್ಮ ಅಂಗಡಿಯಿಂದ ತಂದೆ?” ಅಂತ ಕೇಳೋಕಾಗುತ್ತಾ? ಸಕ್ಕರೆ ಅಗ್ಗ ಆಯ್ತು, ಸಂಜೆ ದುಬಾರಿ ಆಯ್ತು.

6/6 | ನಮ್ಮ ಪಾಲಿನ ಕೆಲಸ
ಕೆಜಿಎಫ್‌ನವರೇ ಆದ ಬ್ರಿಜೆಟ್ ವೈಟ್-ಕುಮಾರ್ ಆಂಗ್ಲೋ ಇಂಡಿಯನ್ ಅಡುಗೆಗಳನ್ನ ಪುಸ್ತಕಗಳಲ್ಲಿ ಬರೆದಿಟ್ಟಿದ್ದಾರೆ. ಅಳತೆ ಪುಸ್ತಕದಲ್ಲಿ ಸಿಗುತ್ತೆ. ಪಾಕ ಯಾವಾಗ ಇಳಿಸಬೇಕು ಅನ್ನೋದು ಮಾತ್ರ ಪಕ್ಕದಲ್ಲಿ ನಿಂತು ನೋಡಿದವರಿಗೇ ಗೊತ್ತು.

ಈ ರಜೆಯಲ್ಲಿ ಅಟ್ಟ ಹತ್ತಿ ಹಳೇ ಅಚ್ಚು ಇದೆಯಾ ನೋಡಿ. ಅಜ್ಜಿ ಹತ್ರ, ಪಕ್ಕದ ಮನೆ ಆಂಟಿ ಹತ್ರ ಒಂದು ಸಂಜೆ ಕೂತು ಕಲೀರಿ. ಮೊದಲ ಸಲ ಪಾಕ ಕೆಟ್ಟೇ ಕೆಡುತ್ತೆ, ಪರವಾಗಿಲ್ಲ. ಅಚ್ಚು ಸಿಕ್ಕಿದ್ರೆ ಫೋಟೋ ಕಳಿಸಿ, ಯಾರ ಮನೆಯದು, ಯಾವ ಆಕಾರ ಅಂತ ಬರೀರಿ. ಸಂಕ್ರಾಂತಿಗೆ ಎಲ್ಲಾ ಸೇರಿಸಿ ಹಾಕ್ತೀನಿ.

#ಆಂಡರ್ಸನ್‌ಪೇಟೆ #ಕೆಜಿಎಫ್ #ಸಕ್ಕರೆಅಚ್ಚು #ಕಲ್‌ಕಲ್ #ನಮ್ಮೂರಕಥೆ