ಚಿಪ್‌ನ ಬಿಸಿ ಇಳಿಸುವ ಸಿಲಿಕೋನ್: ಪೇಟೆಂಟ್ ಪರೀಕ್ಷೆಯ ಒರೆಗಲ್ಲು

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಸಣ್ಣ ಸಿರಿಂಜ್‌ಗಳಲ್ಲಿ ತುಂಬಿ ಮಾರುವ ಬೂದು ಬಣ್ಣದ ‘ಥರ್ಮಲ್ ಪೇಸ್ಟ್’ ಬಹಳ ಮಂದಿಗೆ ಪರಿಚಿತ. ಪ್ರೊಸೆಸರ್ ಮೇಲೆ ಅದನ್ನು ತೆಳ್ಳಗೆ ಸವರಿ, ಫ್ಯಾನ್ ಸಹಿತವಾದ ಲೋಹದ ಹೀಟ್‌ಸಿಂಕ್ ಕೂರಿಸಿದರೆ ರಿಪೇರಿಯವರ ಕೆಲಸ ಮುಗಿಯಿತು. ಆದರೆ ಇದೇ ಬಗೆಯ ಪದಾರ್ಥವನ್ನು ಚಿಪ್ ತಯಾರಿಕೆಯ ಕೊನೆಯ ಘಟ್ಟವಾದ ಪ್ಯಾಕೇಜಿಂಗ್‌ನಲ್ಲಿ ಬಳಸುವ ಉದ್ಯಮಕ್ಕೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ: ಈ ಮಿಶ್ರಣ ಯಾರ ಸ್ವತ್ತು?

ಸಿಲಿಕೋನ್ ಹಳೆಯದು. ಅದರಲ್ಲಿ ಕಲಸುವ ಪುಡಿಗಳೂ ಹಳೆಯವೇ. ಹಳೆಯ ಸಾಮಗ್ರಿಗಳನ್ನು ಹೊಸ ಪ್ರಮಾಣದಲ್ಲಿ ಬೆರೆಸಿದವರಿಗೆ 20 ವರ್ಷಗಳ ಏಕಸ್ವಾಮ್ಯ ಸಲ್ಲಬೇಕೇ ಎಂಬುದನ್ನು ಮೊದಲು ತೀರ್ಮಾನಿಸುವವರು ಪೇಟೆಂಟ್ ಕಚೇರಿಯ ಪರೀಕ್ಷಕರು. ಈ ಕ್ಷೇತ್ರದಲ್ಲಿ ಅವರ ಕೆಲಸವೆಂದರೆ ಬಹುಮಟ್ಟಿಗೆ ಅಂಕಿಗಳನ್ನು ಒರೆಗೆ ಹಚ್ಚುವುದು.

ಪದಾರ್ಥದ ಗುಣ, ಪದಾರ್ಥದ ಮಿತಿ

ಸಿಲಿಕಾನ್ ಮತ್ತು ಸಿಲಿಕೋನ್ ಒಂದೇ ಅಲ್ಲ. ಸಿಲಿಕಾನ್ ಎಂಬುದು ಚಿಪ್‌ಗೆ ಆಧಾರವಾದ ಅರೆವಾಹಕ ಮೂಲವಸ್ತು. ಸಿಲಿಕೋನ್ ಎಂಬುದು ಸಿಲಿಕಾನ್ ಹಾಗೂ ಆಮ್ಲಜನಕದ ಪರಮಾಣುಗಳು ಸರಪಳಿಯಂತೆ ಹೆಣೆದುಕೊಂಡ ಪಾಲಿಮರ್. ಇದು ಬಿಸಿಗೆ ಸುಲಭವಾಗಿ ಕೆಡುವುದಿಲ್ಲ, ಮೃದುವಾಗಿಯೇ ಉಳಿಯುತ್ತದೆ, ವಿದ್ಯುತ್ತನ್ನು ಹಾಯಲು ಬಿಡುವುದಿಲ್ಲ.

ಚಿಪ್ ಮತ್ತು ಅದರ ಮೇಲಿನ ಲೋಹದ ಮುಚ್ಚಳದ ಮೇಲ್ಮೈಗಳು ನುಣುಪಾಗಿ ಕಂಡರೂ ಸೂಕ್ಷ್ಮದರ್ಶಕದಡಿ ಏರುತಗ್ಗುಗಳಿಂದ ಕೂಡಿರುತ್ತವೆ. ಎರಡರ ನಡುವೆ ಸಿಕ್ಕಿಕೊಳ್ಳುವ ಗಾಳಿ ಶಾಖಕ್ಕೆ ದೊಡ್ಡ ಅಡ್ಡಿ. ಗಾಳಿಯ ಉಷ್ಣವಾಹಕತೆ ಪ್ರತಿ ಮೀಟರ್-ಕೆಲ್ವಿನ್‌ಗೆ ಸುಮಾರು 0.026 ವಾಟ್ ಮಾತ್ರ (ಮುಂದಿನ ಉಷ್ಣವಾಹಕತೆಯ ಅಂಕಿಗಳೆಲ್ಲ ಇದೇ ಮಾನದಲ್ಲಿವೆ). ಆ ಗಾಳಿಯನ್ನು ಹೊರದೂಡಿ ಜಾಗ ತುಂಬುವುದೇ ಸಿಲಿಕೋನ್ ಪೇಸ್ಟ್‌ನ ಕೆಲಸ. ಆದರೆ ಬರಿಯ ಸಿಲಿಕೋನ್‌ನ ಉಷ್ಣವಾಹಕತೆಯೂ ಸುಮಾರು 0.2ರಷ್ಟೇ. ತಾಮ್ರದ್ದು 400ರ ಆಸುಪಾಸಿನಲ್ಲಿದೆ. ಆದ್ದರಿಂದ ಸಿಲಿಕೋನ್‌ಗೆ ಶಾಖ ಸಾಗಿಸಬಲ್ಲ ಫಿಲ್ಲರ್ ಪುಡಿಯನ್ನು ಬೆರೆಸುವುದು ಅನಿವಾರ್ಯ. ಅಲ್ಯೂಮಿನಾ, ಜಿಂಕ್ ಆಕ್ಸೈಡ್, ಅಲ್ಯೂಮಿನಿಯಂ ನೈಟ್ರೈಡ್, ಬೋರಾನ್ ನೈಟ್ರೈಡ್, ಅಲ್ಯೂಮಿನಿಯಂ ಮತ್ತು ಬೆಳ್ಳಿಯ ಪುಡಿ ಇವುಗಳಲ್ಲಿ ಮುಖ್ಯವಾದವು.

ತೊಡಕು ಆರಂಭವಾಗುವುದು ಇಲ್ಲಿಂದ. ಪುಡಿ ಹೆಚ್ಚಿದಷ್ಟೂ ಶಾಖ ಚೆನ್ನಾಗಿ ಹರಿಯುತ್ತದೆ, ಆದರೆ ಪೇಸ್ಟ್ ಗಟ್ಟಿಯಾಗಿ ತೆಳ್ಳಗೆ ಹರಡದಾಗುತ್ತದೆ. ಪದರದ ದಪ್ಪವೂ ಫಲಿತಾಂಶವನ್ನು ನಿರ್ಧರಿಸುವುದರಿಂದ ಇದು ಸಣ್ಣ ಸಂಗತಿಯಲ್ಲ. ಉಷ್ಣವಾಹಕತೆ 5 ಇರುವ ಪೇಸ್ಟ್ 100 ಮೈಕ್ರಾನ್ ದಪ್ಪ ಕೂತರೆ, ಉಷ್ಣವಾಹಕತೆ 3 ಇದ್ದು 30 ಮೈಕ್ರಾನ್‌ಗೆ ಹರಡುವ ಪೇಸ್ಟ್‌ಗಿಂತ ಇಮ್ಮಡಿ ಅಡ್ಡಿಯನ್ನು ಒಡ್ಡುತ್ತದೆ. ಮೇಲ್ಮೈಗಳು ಸೇರುವಲ್ಲಿನ ಅಡ್ಡಿಯನ್ನು ಈ ಲೆಕ್ಕದಲ್ಲಿ ಹಿಡಿದಿಲ್ಲ.

ಈ ಇಕ್ಕಟ್ಟಿನಿಂದ ಪಾರಾಗಲು ತಯಾರಕರು ಕಾಂಕ್ರೀಟ್ ಕಲಸುವವರ ಜಾಣ್ಮೆಯನ್ನೇ ಅನುಸರಿಸುತ್ತಾರೆ. ಜಲ್ಲಿಯ ಸಂದಿಯನ್ನು ಮರಳು ತುಂಬುವಂತೆ, ದಪ್ಪ ಕಣಗಳ ನಡುವಿನ ಜಾಗವನ್ನು ಸಣ್ಣ ಕಣಗಳು ತುಂಬುತ್ತವೆ. ಕಣಗಳ ಮೇಲ್ಮೈಗೆ ಸಿಲೇನ್ ಎಂಬ ರಾಸಾಯನಿಕದ ಲೇಪ ಕೊಟ್ಟರೆ ಅವು ಸಿಲಿಕೋನ್‌ನೊಂದಿಗೆ ಸಲೀಸಾಗಿ ಬೆರೆಯುತ್ತವೆ. ಚಿಪ್ ಬಿಸಿಯಾಗಿ ತಣಿಯುವ ಆವರ್ತನೆಯಲ್ಲಿ ಪೇಸ್ಟ್ ಅಂಚಿಗೆ ಜರುಗಿ ಹೊರಬರುವುದನ್ನೂ, ಎಣ್ಣೆ ಬೇರ್ಪಟ್ಟು ಒಣಗುವುದನ್ನೂ ತಡೆಯಬೇಕು. ಪೇಟೆಂಟ್ ಅರ್ಜಿಗಳು ಹುಟ್ಟುವುದು ಇಂಥ ಹೊಂದಾಣಿಕೆಗಳ ಸುತ್ತಲೇ.

ಅರ್ಜಿಯಲ್ಲಿ ಏನಿರುತ್ತದೆ?

ಪೇಟೆಂಟ್ ಅರ್ಜಿಯ ಜೀವಾಳವೆಂದರೆ ಅದರ ಕೊನೆಯಲ್ಲಿ ಸಂಖ್ಯೆ ಹಾಕಿ ಬರೆದ ‘ಹಕ್ಕುಕೋರಿಕೆ’ಗಳು. ಹೊಲದ ಪಹಣಿಗೆ ಚಕ್ಕುಬಂದಿ ಹೇಗೋ ಪೇಟೆಂಟ್‌ಗೆ ಇವು ಹಾಗೆ. ಎಲ್ಲಿಂದ ಎಲ್ಲಿಯವರೆಗೆ ಅರ್ಜಿದಾರರ ಸ್ವತ್ತು ಎಂಬುದನ್ನು ಅವು ಗುರುತಿಸುತ್ತವೆ.

ಉಷ್ಣವಾಹಕ ಸಿಲಿಕೋನ್‌ನ ಹಕ್ಕುಕೋರಿಕೆಗಳಿಗೆ ಹೆಚ್ಚುಕಡಿಮೆ ಒಂದೇ ಅಚ್ಚು. ವಿನೈಲ್ ಗುಂಪುಳ್ಳ ಒಂದು ಸಿಲಿಕೋನ್, ಸಿಲಿಕಾನ್‌ಗೆ ಅಂಟಿದ ಜಲಜನಕವುಳ್ಳ ಇನ್ನೊಂದು ಸಿಲಿಕೋನ್, ಇವೆರಡನ್ನು ಬೆಸೆಯುವ ಪ್ಲಾಟಿನಂ ವೇಗವರ್ಧಕ, ಇಂತಿಷ್ಟು ಗಾತ್ರದ ಹಾಗೂ ಇಂತಿಷ್ಟು ಪ್ರಮಾಣದ ಫಿಲ್ಲರ್ ಪುಡಿ. ಗಟ್ಟಿಯಾಗದೆ ಗ್ರೀಸ್‌ನಂತೆಯೇ ಉಳಿಯುವ ಬಗೆಯಲ್ಲಿ ಬೆಸುಗೆಯ ಅಂಶಗಳು ಇರುವುದಿಲ್ಲ. ಕೊನೆಗೆ ಕೆಲವರು ‘ಉಷ್ಣವಾಹಕತೆ 3ಕ್ಕಿಂತ ಹೆಚ್ಚು’ ಎಂಬಂಥ ಮಾತನ್ನೂ ಸೇರಿಸುತ್ತಾರೆ. ಎಲ್ಲ ಜಗಳಕ್ಕೂ ಮೂಲ ಈ ಕೊನೆಯ ಮಾತೇ. ಮೊದಲಿನವು ಮಾರ್ಗವನ್ನು ಹೇಳಿದರೆ ಇದು ಗುರಿಯನ್ನೇ ಹಕ್ಕಾಗಿ ಕೇಳುತ್ತದೆ.

ಗ್ರಾಫ್‌ನ ಮೇಲಿನ ಒಂದು ಚುಕ್ಕಿ

ಪರೀಕ್ಷಕರ ಮೊದಲ ಕೆಲಸ ಹುಡುಕಾಟ. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಸಿಲಿಕೋನ್ ಮಿಶ್ರಣಗಳು ಸಿ08ಎಲ್ 83ರ ಅಡಿ ಬರುತ್ತವೆ. ಅರೆವಾಹಕಗಳನ್ನು ತಣಿಸುವ ಪದಾರ್ಥಗಳ ಹಳೆಯ ದಾಖಲೆಗಳು ದಶಕಗಳ ಕಾಲ ಎಚ್01ಎಲ್ 23/373ರಲ್ಲಿ ಶೇಖರವಾಗಿವೆ. ಒಂದು ಕಪಾಟನ್ನು ಮಾತ್ರ ನೋಡಿ ಇನ್ನೊಂದನ್ನು ಬಿಟ್ಟರೆ ಹುಡುಕಾಟ ಅಪೂರ್ಣ. ಪೇಟೆಂಟ್‌ಗಳಲ್ಲದೆ ಸಂಶೋಧನಾ ಲೇಖನಗಳು, ಕಂಪನಿಗಳ ಉತ್ಪನ್ನ ಮಾಹಿತಿ ಪತ್ರಗಳು ಕೂಡ ಪೂರ್ವದಾಖಲೆಗಳೇ.

ಅರ್ಜಿಯಲ್ಲಿನ ಎಲ್ಲ ಅಂಶಗಳೂ ಹಳೆಯ ಒಂದೇ ದಾಖಲೆಯಲ್ಲಿ ಸಿಕ್ಕರೆ ಹೊಸತನವಿಲ್ಲ ಎಂದರ್ಥ. ಇಲ್ಲಿ ಪದೇ ಪದೇ ಉಲ್ಲೇಖವಾಗುವುದು ಅಮೆರಿಕದ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 1985ರಲ್ಲಿ ಟೈಟಾನಿಯಂ ಮೆಟಲ್ಸ್ ಪ್ರಕರಣದಲ್ಲಿ ನೀಡಿದ ತೀರ್ಪು. ಟೈಟಾನಿಯಂಗೆ ಶೇ 0.6ರಿಂದ 0.9ರಷ್ಟು ನಿಕ್ಕಲ್, ಶೇ 0.2ರಿಂದ 0.4ರಷ್ಟು ಮಾಲಿಬ್ಡಿನಮ್ ಬೆರೆಸಿದ, ತುಕ್ಕು ತಡೆಯುವ ಮಿಶ್ರಲೋಹಕ್ಕೆ ಪೇಟೆಂಟ್ ಕೇಳಲಾಗಿತ್ತು. 1970ರ ರಷ್ಯನ್ ಲೇಖನವೊಂದರ ಗ್ರಾಫ್‌ನಲ್ಲಿ ಆ ವ್ಯಾಪ್ತಿಯೊಳಗೆ ಬರುವ ಒಂದು ಚುಕ್ಕಿ ಇತ್ತು. ತುಕ್ಕಿನ ಬಗ್ಗೆ ಲೇಖನದಲ್ಲಿ ಚಕಾರವಿರಲಿಲ್ಲ. ಆದರೂ ಹಳೆಯ ಮಿಶ್ರಲೋಹದ ಹೊಸ ಗುಣವನ್ನು ಕಂಡುಹಿಡಿದ ಮಾತ್ರಕ್ಕೆ ಆ ಲೋಹವೇ ಹೊಸದಾಗದು ಎಂದು ನ್ಯಾಯಾಲಯ ಹೇಳಿತು.

ಸಿಲಿಕೋನ್ ಮಿಶ್ರಣಕ್ಕೂ ಈ ತರ್ಕ ಅನ್ವಯಿಸುತ್ತದೆ. ಹಳೆಯ ದಾಖಲೆಯಲ್ಲಿ ಅದೇ ಪುಡಿ, ಅದೇ ಗಾತ್ರ, ಅದೇ ಪ್ರಮಾಣವಿದ್ದು ಉಷ್ಣವಾಹಕತೆಯನ್ನು ಮಾತ್ರ ಅಳೆದಿಲ್ಲದಿದ್ದರೆ, ಆ ಗುಣ ಅದರಲ್ಲಿ ಸಹಜವಾಗಿಯೇ ಇತ್ತೆಂದು ಪರೀಕ್ಷಕರು ಆಕ್ಷೇಪಿಸಬಹುದು. ಪೇಟೆಂಟ್ ಕಚೇರಿಗೆ ಪ್ರಯೋಗಾಲಯವಿಲ್ಲ. ಹೀಗಾಗಿ ಪದಾರ್ಥಗಳು ಒಂದೇ ಎಂದು ನಂಬಲು ಕಾರಣವಿದ್ದಾಗ, ವ್ಯತ್ಯಾಸವನ್ನು ತೋರಿಸುವ ಹೊಣೆಯನ್ನು ಅರ್ಜಿದಾರರ ಮೇಲೆ ಹೊರಿಸಬಹುದೆಂದು ಅಮೆರಿಕದಲ್ಲಿ 1977ರ ಬೆಸ್ಟ್ ಪ್ರಕರಣದ ತೀರ್ಪು ತಿಳಿಸಿದೆ.

70:30 ಆವಿಷ್ಕಾರವೇ?

ಹೊಸತನ ಇದ್ದರಷ್ಟೇ ಸಾಲದು. ಆ ಕಸುಬಿನಲ್ಲಿ ನುರಿತ ಸಾಮಾನ್ಯ ತಂತ್ರಜ್ಞರಿಗೆ ತಾನಾಗಿ ಹೊಳೆಯದಂಥ ಮುನ್ನಡೆಯೂ ಇರಬೇಕು. ಒಂದು ಕಾಲ್ಪನಿಕ ಉದಾಹರಣೆಯಿಂದ ಇದನ್ನು ತಿಳಿಯಬಹುದು.

ಅರ್ಜಿದಾರರೊಬ್ಬರು 10 ಮೈಕ್ರಾನ್ ಹಾಗೂ 1 ಮೈಕ್ರಾನ್ ಅಲ್ಯೂಮಿನಾ ಕಣಗಳನ್ನು 50:50ರಿಂದ 90:10ರವರೆಗಿನ ಪ್ರಮಾಣದಲ್ಲಿ ಬೆರೆಸಿದ ಸಿಲಿಕೋನ್‌ಗೆ ಹಕ್ಕು ಕೇಳುತ್ತಾರೆ ಎನ್ನೋಣ. 10 ಮೈಕ್ರಾನ್ ಅಲ್ಯೂಮಿನಾ ತುಂಬಿದ ಸಿಲಿಕೋನ್ ಪರೀಕ್ಷಕರಿಗೆ ಒಂದು ದಾಖಲೆಯಲ್ಲಿ ಸಿಗುತ್ತದೆ. ದಪ್ಪ, ಸಣ್ಣ ಕಣಗಳನ್ನು ಬೆರೆಸಿದರೆ ಹೆಚ್ಚು ಪುಡಿ ಹಿಡಿಸಬಹುದು ಎಂಬ ವಿವರಣೆ ಇನ್ನೊಂದರಲ್ಲಿ, ಎಪಾಕ್ಸಿ ರೆಸಿನ್‌ಗೆ ಸಂಬಂಧಿಸಿದಂತೆ ಇದೆ. ಎರಡನ್ನೂ ಓದಿದ ತಂತ್ರಜ್ಞ ಸಿಲಿಕೋನ್‌ನಲ್ಲೂ ಅದನ್ನೇ ಪ್ರಯತ್ನಿಸುತ್ತಿದ್ದನಲ್ಲವೇ ಎಂಬುದು ಪರೀಕ್ಷಕರ ಆಕ್ಷೇಪ. ಸಾಮಾನ್ಯ ಸ್ಥಿತಿಗತಿಗಳು ತಿಳಿದಿರುವಾಗ ದಿನನಿತ್ಯದ ಪ್ರಯೋಗದಿಂದ ಉತ್ತಮ ಪ್ರಮಾಣವನ್ನು ಹುಡುಕುವುದು ಆವಿಷ್ಕಾರವಲ್ಲ ಎಂದು ಅಮೆರಿಕದ ನ್ಯಾಯಾಲಯ 1955ರಷ್ಟು ಹಿಂದೆಯೇ ಆಲರ್ ಪ್ರಕರಣದಲ್ಲಿ ಹೇಳಿತ್ತು. ಪರಿಚಿತ ಅಂಶಗಳನ್ನು ಪರಿಚಿತ ರೀತಿಯಲ್ಲಿ ಸೇರಿಸಿ ನಿರೀಕ್ಷಿತ ಫಲವನ್ನಷ್ಟೇ ಪಡೆದರೆ ಅದಕ್ಕೆ ಪೇಟೆಂಟ್ ಸಿಗುವುದು ಕಷ್ಟ ಎಂಬುದನ್ನು ಅಲ್ಲಿನ ಸುಪ್ರೀಂ ಕೋರ್ಟ್ 2007ರ ಕೆಎಸ್ಆರ್ ತೀರ್ಪಿನಲ್ಲಿ ಒತ್ತಿ ಹೇಳಿತು.

ಅರ್ಜಿದಾರರು ಸುಮ್ಮನಿರುವುದಿಲ್ಲ. 60:40 ಮತ್ತು 80:20ಕ್ಕೆ ಹೋಲಿಸಿದರೆ 70:30ರಲ್ಲಿ ಪೇಸ್ಟ್‌ನ ಮಂದತೆ ದಿಢೀರನೆ ಅರ್ಧಕ್ಕಿಳಿಯುತ್ತದೆ, ಸಾವಿರ ಸಲ ಕಾಯಿಸಿ ತಣಿಸಿದರೂ ಪದರ ಜರುಗುವುದಿಲ್ಲ ಎಂಬ ಹೋಲಿಕೆಯ ಪ್ರಯೋಗಗಳನ್ನು ಮುಂದಿಡುತ್ತಾರೆ. ಇದು ಯಾರೂ ಊಹಿಸದ ಫಲ. ಆವಿಷ್ಕಾರದ ವಾದಕ್ಕೆ ಈಗ ಬಲ ಬಂತು. ಆದರೆ ಪರೀಕ್ಷಕರು ಮತ್ತೊಂದು ಪ್ರಶ್ನೆ ಹಾಕುತ್ತಾರೆ: ಲಾಭ ಕಂಡದ್ದು 70:30ರಲ್ಲಿ, ಹಕ್ಕು ಕೇಳಿದ್ದು 50:50ರಿಂದ 90:10ರವರೆಗೆ. ಉಳಿದ ಹರವಿಗೆ ಪುರಾವೆ ಎಲ್ಲಿದೆ? ಮೂಲ ಅರ್ಜಿಯಲ್ಲಿ ಆಧಾರವಿದ್ದರೆ ಹರವನ್ನು ಕಿರಿದುಗೊಳಿಸುವುದೇ ಕೊನೆಗೆ ಉಳಿಯುವ ದಾರಿ.

ಅಳತೆಯ ಮೋಸ, ಅಂಕಿಯ ಆಸೆ

‘ಉಷ್ಣವಾಹಕತೆ 3’ ಎಂದಾಕ್ಷಣ ಅದು ಒಂದೇ ಅರ್ಥ ಕೊಡುವ ಅಂಕಿಯಲ್ಲ. ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಡಿ5470 ವಿಧಾನದಲ್ಲಿ ಎರಡು ಲೋಹದ ಕಂಬಗಳ ನಡುವೆ ಮಾದರಿಯನ್ನು ಒತ್ತಿ ಶಾಖ ಹರಿಸಿ ಅಳೆಯುತ್ತಾರೆ. ಇ1461 ವಿಧಾನದಲ್ಲಿ ಮಾದರಿಯ ಒಂದು ಬದಿಗೆ ಬೆಳಕಿನ ಮಿಂಚು ಹಾಯಿಸಿ ಇನ್ನೊಂದು ಬದಿ ಎಷ್ಟು ಬೇಗ ಬಿಸಿಯಾಗುತ್ತದೆಂದು ನೋಡುತ್ತಾರೆ. ಒತ್ತಡ, ದಪ್ಪ, ಮೇಲ್ಮೈ ಸಂಪರ್ಕ ಬದಲಾದರೆ ಫಲಿತಾಂಶವೂ ಬದಲಾಗಬಹುದು. ಕಣಗಳ ‘ಸರಾಸರಿ ಗಾತ್ರ’ದ್ದೂ ಇದೇ ಕಥೆ: ಎಣಿಕೆಯ ಸರಾಸರಿಯೋ, ಪರಿಮಾಣದ ಸರಾಸರಿಯೋ? ಅಳತೆಯ ವಿಧಾನವನ್ನು ಹೇಳದ ಹಕ್ಕುಕೋರಿಕೆ ಬೇಲಿಯಿಲ್ಲದ ಹೊಲದಂತೆ.

ಸೂತ್ರ, ಅಂಕಿಗಳಿಂದಲೇ ವಸ್ತುವನ್ನು ವರ್ಣಿಸುವ ಅರ್ಜಿಗಳ ವಿಷಯದಲ್ಲಿ ಜಪಾನ್‌ನ ಬೌದ್ಧಿಕ ಆಸ್ತಿ ಉಚ್ಚ ನ್ಯಾಯಾಲಯದ ವಿಸ್ತೃತ ಪೀಠ 2005ರ ನವೆಂಬರ್ 11ರಂದು ನೀಡಿದ ತೀರ್ಪು ಮಹತ್ವದ್ದು. ಪೋಲರೈಸಿಂಗ್ ಫಿಲ್ಮ್ ಕುರಿತ ಆ ಪ್ರಕರಣದಲ್ಲಿ ಗಣಿತದ ಸೂತ್ರದಿಂದ ವಿಶಾಲ ವ್ಯಾಪ್ತಿಯನ್ನು ಗುರುತಿಸಲಾಗಿತ್ತು. ಆಧಾರವಾಗಿ ಕೊಟ್ಟದ್ದು ಎರಡು ಉದಾಹರಣೆ ಮತ್ತು ಎರಡು ಹೋಲಿಕೆಯ ಪ್ರಯೋಗಗಳು. ಅಷ್ಟರಿಂದ ಇಡೀ ವ್ಯಾಪ್ತಿ ಸಮರ್ಥನೆ ಪಡೆಯದು ಎಂದ ನ್ಯಾಯಾಲಯ ಪೇಟೆಂಟ್ ರದ್ದತಿಯನ್ನು ಎತ್ತಿಹಿಡಿಯಿತು.

ಭಾರತದ ಕಾನೂನು ಏನು ಹೇಳುತ್ತದೆ?

1970ರ ಪೇಟೆಂಟ್ ಕಾಯಿದೆಯ ಮೂಲರೂಪದಲ್ಲಿ ಐದನೇ ಸೆಕ್ಷನ್ ರಾಸಾಯನಿಕ ಪ್ರಕ್ರಿಯೆಯಿಂದ ತಯಾರಾದ ವಸ್ತುಗಳಿಗೆ, ಮಿಶ್ರಲೋಹ ಮತ್ತು ಅರೆವಾಹಕಗಳೂ ಸೇರಿದಂತೆ, ಪೇಟೆಂಟ್ ನಿರಾಕರಿಸುತ್ತಿತ್ತು. ತಯಾರಿಕೆಯ ವಿಧಾನಕ್ಕೆ ಮಾತ್ರ ಹಕ್ಕು ಸಿಗುತ್ತಿತ್ತು. 2005ರ ತಿದ್ದುಪಡಿಯಲ್ಲಿ ಈ ಸೆಕ್ಷನ್ ರದ್ದಾಗಿ, ವಸ್ತುಗಳಿಗೂ ಪೇಟೆಂಟ್ ಪಡೆಯುವ ಬಾಗಿಲು ತೆರೆಯಿತು.

ಆದರೂ ಮಿಶ್ರಣಗಳಿಗೆ ವಿಶೇಷ ತಡೆಯೊಂದಿದೆ. ಮೂರನೇ ಸೆಕ್ಷನ್‌ನ ‘ಇ’ ಉಪವಿಧಿಯ ಪ್ರಕಾರ ಘಟಕಗಳ ಗುಣಗಳು ಕೇವಲ ಒಟ್ಟುಗೂಡುವ ಬರಿಯ ಬೆರಕೆ ಆವಿಷ್ಕಾರವಲ್ಲ. ಬಿಡಿ ಬಿಡಿಯಾಗಿ ಸಿಗದ ಫಲ ಬೆರೆತಾಗ ಸಿಗುತ್ತದೆಂದು ಅರ್ಜಿದಾರರು ತೋರಿಸಬೇಕು. ಸಿಲಿಕೋನ್ ಪೇಸ್ಟ್‌ನ ಅರ್ಜಿಗಳಿಗೆ ಈ ಆಕ್ಷೇಪ ಸಹಜವಾಗಿಯೇ ಎದುರಾಗಬಲ್ಲದು.

ಅರ್ಜಿ ಸಾಮಾನ್ಯವಾಗಿ 18 ತಿಂಗಳ ಬಳಿಕ ಪ್ರಕಟವಾಗುತ್ತದೆ. ಪರೀಕ್ಷೆ ತಾನಾಗಿ ನಡೆಯುವುದಿಲ್ಲ, ಅದಕ್ಕೆ ಪ್ರತ್ಯೇಕ ಕೋರಿಕೆ ಸಲ್ಲಿಸಬೇಕು. 2024ರ ಮಾರ್ಚ್ 15ರಿಂದ ಸಲ್ಲಿಕೆಯಾದ ಅರ್ಜಿಗಳಿಗೆ ಇದರ ಗಡುವು 48 ತಿಂಗಳಿಂದ 31 ತಿಂಗಳಿಗೆ ಇಳಿದಿದೆ. ಮೊದಲ ಪರೀಕ್ಷಾ ವರದಿಗೆ ಉತ್ತರಿಸಲು ಆರು ತಿಂಗಳ ಅವಕಾಶವಿದ್ದು, ಕೋರಿದರೆ ಮೂರು ತಿಂಗಳು ಹೆಚ್ಚುತ್ತದೆ. ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ನೀಡುವ ಮುನ್ನ ಯಾರು ಬೇಕಾದರೂ ಲಿಖಿತ ವಿರೋಧ ಸಲ್ಲಿಸಬಹುದು. ಕರ್ನಾಟಕದ ಅರ್ಜಿದಾರರು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಸೇರುತ್ತಾರೆ.

ಯಾರಿಗೆ ಲಾಭ, ಯಾರಿಗೆ ನಷ್ಟ?

ಗುಜರಾತಿನ ಸಾನಂದ್ ಹಾಗೂ ಅಸ್ಸಾಮಿನ ಜಾಗಿರೋಡ್‌ನಲ್ಲಿ ಚಿಪ್ ಜೋಡಣೆ ಮತ್ತು ಪ್ಯಾಕೇಜಿಂಗ್ ಘಟಕಗಳಿಗೆ ಕೇಂದ್ರ ಸರ್ಕಾರ 2023 ಮತ್ತು 2024ರಲ್ಲಿ ಒಪ್ಪಿಗೆ ನೀಡಿತು. ಮೈಸೂರು ಮೂಲದ ಕೇನ್ಸ್ ಸಮೂಹದ ಸಾನಂದ್ ಘಟಕವೂ ಇವುಗಳಲ್ಲಿ ಒಂದು. ದೇಶದಲ್ಲಿ ಪ್ಯಾಕೇಜಿಂಗ್ ಬೇರೂರಿದರೆ ಉಷ್ಣವಾಹಕ ಪದಾರ್ಥಗಳ ಬೇಡಿಕೆಯೂ ಬರುತ್ತದೆ. ಅವನ್ನು ಇಲ್ಲಿಯೇ ತಯಾರಿಸಲು ಮುಂದಾಗುವವರು ಎದುರಿಸಬೇಕಾದದ್ದು ಡೌ, ಶಿನ್‌ಎತ್ಸು, ವ್ಯಾಕರ್, ಮೊಮೆಂಟಿವ್‌ನಂಥ ದೀರ್ಘ ಅನುಭವದ ಸಿಲಿಕೋನ್ ಕಂಪನಿಗಳನ್ನು.

‘ಇಷ್ಟು ಉಷ್ಣವಾಹಕತೆಯುಳ್ಳ ಎಲ್ಲ ಸಿಲಿಕೋನ್’ ಎಂಬ ಅಗಲವಾದ ಹಕ್ಕು ಒಬ್ಬರ ಪಾಲಾದರೆ, ಬೇರೆಯದೇ ಮಾರ್ಗದಲ್ಲಿ ಅದೇ ಗುರಿ ತಲುಪಿದವರೂ ಅನುಮತಿ ಬೇಡಬೇಕಾಗುತ್ತದೆ. ಅತಿ ಕಿರಿದಾದ ಹಕ್ಕು ಕೊಟ್ಟರೆ ವರ್ಷಗಟ್ಟಲೆ ಶ್ರಮಿಸಿದವರ ಸೂತ್ರವನ್ನು ಶೇ 1ರಷ್ಟು ಬದಲಿಸಿ ಪ್ರತಿಸ್ಪರ್ಧಿ ನುಣುಚಿಕೊಳ್ಳುತ್ತಾನೆ. ಪ್ರಯೋಗದಲ್ಲಿ ತೋರಿಸಿದ್ದಕ್ಕೆ ತಕ್ಕಷ್ಟು ಹಕ್ಕು ಎಂಬುದೇ ಇವೆರಡರ ನಡುವಿನ ನ್ಯಾಯದ ಗೆರೆ.

ಅರ್ಜಿ ಸಲ್ಲಿಸುವವರಿಗೆ ಇದರಿಂದ ಸಿಗುವ ಪಾಠ ಸರಳ. ಹೋಲಿಕೆಯ ಪ್ರಯೋಗಗಳನ್ನು ಆಕ್ಷೇಪ ಬಂದ ಮೇಲಲ್ಲ, ಅರ್ಜಿ ಬರೆಯುವ ಮುನ್ನವೇ ಮಾಡಿರಬೇಕು. ಅಳತೆಯ ವಿಧಾನವನ್ನು ಅರ್ಜಿಯಲ್ಲೇ ಹೇಳಿರಬೇಕು. ವ್ಯಾಪ್ತಿಯ ನಡುವೆ ಮಾತ್ರವಲ್ಲ, ಎರಡೂ ಅಂಚುಗಳಲ್ಲಿ ಪ್ರಯೋಗ ನಡೆದಿರಬೇಕು. ಸಿಲಿಕೋನ್ ಮಿಶ್ರಣದ ಪೇಟೆಂಟ್ ಗಟ್ಟಿಯಾಗುವುದು ಇಂಥ ಅಂಕಿಗಳ ಬಲದಿಂದ.